ಕುರಿ ಮೇದ ಮೇಲೆ ಯಾವುದು ಚಿಗುರುತ್ತದೆ? ಒಣನೆಲದ ಐದು ದ್ವಿದಳ ಮೇವಿನ ಬೀಜಗಳ ವಿಮರ್ಶೆ

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಕುರಿ ಸಾಕುವವರಿಗೆ ಈಗ ದ್ವಿದಳ ಮೇವಿನ ಬೀಜ ಸಿಗುವುದು ಕಷ್ಟವೇನಲ್ಲ. ದಾವಣಗೆರೆಯ ಬೀಜದಂಗಡಿಯಲ್ಲಿ ಹೇಳಿಟ್ಟರೆ ತರಿಸಿಕೊಡುತ್ತಾರೆ, ಫೋನಿನಲ್ಲಿ ಆರ್ಡರ್ ಮಾಡಿದರೆ ಕೊರಿಯರ್‌ನಲ್ಲೇ ಬರುತ್ತದೆ. ಪ್ಯಾಕೆಟ್ ಮೇಲೆ ಸಾಲಿನ ಅಂತರ, ಎಕರೆಗೆ ಎಷ್ಟು ಕಿಲೋ, ಪ್ರೋಟೀನ್ ಎಷ್ಟು ಎಂಬುದೆಲ್ಲ ಇರುತ್ತದೆ. ಆ ಗಿಡದ ಮೇಲೆ ಹಿಂಡು ಬಿಟ್ಟರೆ ಏನಾಗುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಪ್ಯಾಕೆಟ್ ಬರೆದವರ ತಲೆಯಲ್ಲಿರುವುದು ಕುಡುಗೋಲು, ನಮ್ಮ ಹೊಲಕ್ಕೆ ಇಳಿಯುವುದು ಕುರಿ. ಕುಡುಗೋಲು ಒಂದೇ ಎತ್ತರಕ್ಕೆ ಕೊಯ್ದು ನಲವತ್ತು ದಿನ ಆ ಕಡೆ ತಲೆ ಹಾಕುವುದಿಲ್ಲ. ಕುರಿ ಎಲೆ ಆರಿಸಿ ತಿಂದು, ಎಂಟನೇ ದಿನಕ್ಕೆ ಅದೇ ಬುಡದ ಎಳೆ ಚಿಗುರಿಗೆ ಮತ್ತೆ ಬಾಯಿ ಹಾಕುತ್ತದೆ.

ಆದ್ದರಿಂದ ಇಲ್ಲಿ ಇಳುವರಿಗೆ ಅಂಕವಿಲ್ಲ. ಮೇದ ಮೇಲೆ ಗಿಡ ಎಷ್ಟು ಬೇಗ, ಎಷ್ಟು ವರ್ಷ ಎದ್ದು ಬರುತ್ತದೆ ಎಂಬುದಕ್ಕಷ್ಟೇ ಅಂಕ. ತೆಗೆದುಕೊಂಡಿರುವ ಬೀಜಗಳು ಐದು: ಸ್ಟೈಲೋ ಹಮಾಟಾ, ಸ್ಟೈಲೋ ಸ್ಕ್ಯಾಬ್ರಾ, ಬೇಲಿ ಮೆಂತೆ, ಶಂಖಪುಷ್ಪ, ಸಿರಾಟ್ರೋ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಂಡನ್ನು ಒಂದು ತಿಂಗಳು ಆಚೆ ಇಡುವ ಬೇಲಿಯೋ ಆಳೋ ನಿಮಗಿಲ್ಲವೆಂದರೆ ಹಮಾಟಾ ಒಂದನ್ನೇ ಕೊಳ್ಳಿ. ಬೇಲಿ ಇದ್ದರೆ ಸ್ಕ್ಯಾಬ್ರಾ, ಬೇಲಿ ಮೆಂತೆ ಸೇರಿಸಿ. ಶಂಖಪುಷ್ಪ ಮತ್ತು ಸಿರಾಟ್ರೋ ಬೀಜಕ್ಕೆ ಕೊಡುವ ದುಡ್ಡು ಬೇಲಿ ಇಲ್ಲದ ಹೊಲದಲ್ಲಿ ಎರಡನೇ ವರ್ಷಕ್ಕೇ ಮುಗಿಯುತ್ತದೆ.

ಮೇದ ಗಿಡ ಮತ್ತೆ ಏಳಬೇಕಾದರೆ ಮೂರು ಬೇಕು. ದಂಟಿನಲ್ಲಿ ಉಳಿದ ಹಸಿರೆಲೆ, ಗೆಣ್ಣಿನಲ್ಲೋ ಬುಡದಲ್ಲೋ ಉಳಿದ ಕಣ್ಣು (ಚಿಗುರೊಡೆಯುವ ಮೊಗ್ಗು), ಬೇರು-ಬುಡದಲ್ಲಿ ಕೂಡಿಟ್ಟ ಪಿಷ್ಟ. ಬೋರ್‌ವೆಲ್ ನೀರಿನಲ್ಲಿ ಕುದುರೆ ಮೆಂತೆ (ಲೂಸರ್ನ್) ಬೆಳೆದವರು ಮೂರನೆಯದನ್ನೇ ನಂಬಿರುತ್ತಾರೆ. ಅದು ದಪ್ಪ ಬೇರಿನ ಪಿಷ್ಟದ ಮೇಲೆ ಬುಡದಿಂದಲೇ ಚಿಗುರುವ ಗಿಡ, ನೆಲಕ್ಕೆ ಹತ್ತಿಸಿ ಕೊಯ್ದರೂ ತಿಂಗಳಿಗೆ ಮತ್ತೆ ಸಿದ್ಧ. ಆ ರೂಢಿಯನ್ನು ಬಿಸಿಲು ಸೀಮೆಯ ದ್ವಿದಳಗಳಿಗೆ ತಂದಾಗಲೇ ಹೊಲ ಬೋಳಾಗುವುದು. ಇವುಗಳಲ್ಲಿ ಹೆಚ್ಚಿನವು ಬೇರಿನ ದಾಸ್ತಾನಿಗಿಂತ ಉಳಿದ ಎಲೆಯನ್ನೂ ಕಣ್ಣನ್ನೂ ನಂಬಿ ಏಳುವಂಥವು. ಎಲೆ ಪೂರ್ತಿ ಹೋದರೆ ಇನ್ನೊಂದು ನಷ್ಟವೂ ಇದೆ. ಬೇರುಗಂಟುಗಳಿಗೆ ಮೇಲಿಂದ ಸಕ್ಕರೆ ಬರುವುದು ನಿಂತು, ಸಾರಜನಕ ಕಟ್ಟುವ ಕೆಲಸ ತಗ್ಗುತ್ತದೆ, ಗಂಟುಗಳಲ್ಲಿ ಒಂದಷ್ಟು ಕೊಳೆತೂ ಹೋಗುತ್ತವೆ. ಅಷ್ಟು ದಿನ ಪಕ್ಕದ ಹುಲ್ಲು ಸುಮ್ಮನಿರುವುದಿಲ್ಲ, ಮೇಲೆದ್ದು ನೆರಳು ಕೊಡುತ್ತದೆ.

ಯಾರ ಬಾಯಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದನ ನಾಲಗೆ ಸುತ್ತಿ ಹರಿದು ತಿನ್ನುವುದರಿಂದ ಸ್ವಲ್ಪ ಬುಡ ತಾನಾಗಿ ಉಳಿಯುತ್ತದೆ. ಮೇಕೆಗೆ ಕುಡಿ ಬೇಕು, ಕುಡಿ ಮುಗಿದರೆ ಸಿಪ್ಪೆ ಸುಲಿಯುತ್ತದೆ. ಕುರಿಯ ಬಾಯಿ ಸಣ್ಣದು. ಎಲೆಯೊಂದನ್ನೇ ಕಿತ್ತು, ಬಿಟ್ಟರೆ ನೆಲಕ್ಕೆ ಎರಡು ಬೆರಳು ಉಳಿಯುವ ತನಕ ಮೇಯುತ್ತದೆ. ಪ್ಯಾಕೆಟ್ ಮೇಲಿನ ‘ಮೇಯಿಸಲು ಯೋಗ್ಯ’ ಎಂಬ ಮಾತನ್ನು ದನಕ್ಕೆ ಎಂದು ಓದಿಕೊಳ್ಳುವುದೇ ಕ್ಷೇಮ.

ಸ್ಟೈಲೋ ಹಮಾಟಾ: 5ಕ್ಕೆ 4.5

ಸ್ಟೈಲೋ ಜಾತಿಯ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ, ಅದನ್ನು ಮೇವಾಗಿ ಹಿಗ್ಗಿಸಿದ್ದು ಆಸ್ಟ್ರೇಲಿಯಾ. ಅಲ್ಲಿ ಮೊದಲು ಹರಡಿದ್ದ ಟೌನ್ಸ್‌ವಿಲ್ ಸ್ಟೈಲೋ 1970ರ ದಶಕದಲ್ಲಿ ಚಿಬ್ಬು ರೋಗಕ್ಕೆ ಸಿಕ್ಕಿ ಮಣ್ಣುಪಾಲಾದ ಮೇಲೆ ‘ವೆರಾನೊ’ ಎಂಬ ಹಮಾಟಾ ತಳಿ ಆ ಜಾಗ ತುಂಬಿತು. ನಮ್ಮಲ್ಲಿ ಹಮಾಟಾ ಎಂದು ಸಿಗುವುದು ಬಹುಪಾಲು ಅದರ ವಂಶವೇ. ಮೇಯಿಸದೆ ಬಿಟ್ಟರೆ ಮೊಣಕಾಲಿನ ಮೇಲಕ್ಕೆ ಬರುತ್ತದೆ. ಮೇಯಿಸಿದರೆ ನೆಲಕ್ಕೆ ಒರಗಿ, ಬುಡದಲ್ಲೇ ಕವಲೊಡೆದು, ಕಣ್ಣುಗಳನ್ನು ಕುರಿಯ ಹಲ್ಲಿಗೆ ಸಿಗದ ಮಟ್ಟಕ್ಕೆ ಇಳಿಸಿಕೊಳ್ಳುತ್ತದೆ. ಇದರ ಗುಟ್ಟೆಲ್ಲ ಈ ಒರಗುವ ಗುಣದಲ್ಲಿದೆ. ಬೇರೂರಿದ ತಾಕಿನಲ್ಲಿ ಮಳೆಗಾಲ ಒಂದು ಹಿಡಿ ಎತ್ತರ, ಅಂದರೆ 8-10 ಸೆಂಟಿಮೀಟರ್ ಉಳಿಸಿದರೆ ಸಾಕು.

ಇನ್ನೊಂದು ಬಲ ಬೀಜದ್ದು. ಒಂದೊಂದು ಗಿಡದ ಆಯಸ್ಸು ಎರಡು-ಮೂರು ವರ್ಷವಿರಬಹುದು, ತಾಕಿನ ಆಯಸ್ಸು ನಿಂತಿರುವುದು ಉದುರಿದ ಬೀಜದ ಮೇಲೆ. ಹೊಸ ಬೀಜದ ಸಿಪ್ಪೆ ಗಟ್ಟಿ, ನೀರು ಹೀರುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಕಾದ ನೆಲದ ಬಿಸಿಗೆ ಸಿಪ್ಪೆ ಸಡಿಲವಾಗಿ ಮುಂಗಾರಿಗೆ ಮೊಳಕೆ ಬರುತ್ತದೆ. ಒಣಗಿದ ದಂಟು ನೆಲ ಮುಚ್ಚಿಕೊಂಡಿದ್ದರೆ ಈ ಕಾವು ತಟ್ಟುವುದಿಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಹಿಂಡು ಬಿಟ್ಟು ಒಣದಂಟನ್ನು ಚೊಕ್ಕಟ ಮಾಡಿಸುವುದು ಇದಕ್ಕಾಗಿಯೇ. ಕೆಲವರು ಅದೇ ಹೊತ್ತಿಗೆ ‘ಪಾಪ, ಒಣಗಿದೆ, ವಿಶ್ರಾಂತಿ ಕೊಡೋಣ’ ಎಂದು ಹೊಲ ಮುಚ್ಚುತ್ತಾರೆ. ವಿಶ್ರಾಂತಿ ಬೇಕಾದದ್ದು ಆಗಲ್ಲ. ಎಲ್ಲ ಬೀಜವೂ ಒಂದೇ ವರ್ಷ ಸಡಿಲವಾಗದಿರುವುದೂ ಒಳ್ಳೆಯದೇ. ಮೇ ತಿಂಗಳ ಒಂದು ಹದಮಳೆಗೆ ಹುಟ್ಟಿದ ಸಸಿಗಳು ನಂತರದ ಇಪ್ಪತ್ತು ದಿನದ ಬಿಸಿಲಿಗೆ ಸತ್ತರೂ ನೆಲದಲ್ಲಿ ಇನ್ನೊಂದು ಕಂತು ಉಳಿದಿರುತ್ತದೆ. ತಿಂದ ಕಾಯಿಯಲ್ಲಿ ಒಂದು ಪಾಲು ಹಿಕ್ಕೆಯಲ್ಲಿ ಜೀವಂತವಾಗಿಯೇ ಹೊರಬರುತ್ತದೆ. ಕುರಿ ಓಡಾಡಿದ ಹಾದಿಗುಂಟ ಹಮಾಟಾ ಕಾಣಿಸಿಕೊಳ್ಳುವುದು ಹಾಗೆ.

ಮುಚ್ಚಬೇಕಾದ ಕಾಲ ಯಾವುದು? ಹುಬ್ಬೆ ಮಳೆಯಿಂದ ಕಾರ್ತಿಕದ ತನಕ, ಆಗಸ್ಟ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಒಣ ತಾಲ್ಲೂಕುಗಳಲ್ಲಿ ದೊಡ್ಡ ಮಳೆ ಬೀಳುವುದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಹೂವು, ಕಾಯಿ ಎಲ್ಲ ಆಗಲೇ. ಪ್ರತಿ ವರ್ಷ ಇಡೀ ಹೊಲ ಮುಚ್ಚಬೇಕಾಗಿಲ್ಲ. ಬಿತ್ತಿದ ಮೊದಲ ವರ್ಷ ಮಾತ್ರ ಪೂರ್ತಿ ಬಿಡಿ, ಆಮೇಲೆ ಸರದಿಯಂತೆ ಮೂರನೇ ಒಂದು ಭಾಗ ಸಾಕು. ಮೊದಲ ವರ್ಷವೇ ಹಿಂಡು ನುಗ್ಗಿ ಹೂವು ಮೇದರೆ ಎರಡನೇ ವರ್ಷದ ಬೀಜವೇ ಇಲ್ಲ. ಹಮಾಟಾ ಬರಲಿಲ್ಲ ಎನ್ನುವವರ ಹೊಲದಲ್ಲಿ ತಪ್ಪು ಸಾಮಾನ್ಯವಾಗಿ ಇದೊಂದೇ.

ಹುಲ್ಲಿನ ಜೊತೆ ಇದರ ಲೆಕ್ಕಾಚಾರ ಸ್ವಲ್ಪ ನಾಜೂಕು. ಮುಂಗಾರಿನ ಮೊದಲಲ್ಲಿ ಕುರಿಗೆ ಎಳೆ ಹುಲ್ಲೇ ರುಚಿ, ಸ್ಟೈಲೋ ಮುಟ್ಟುವುದು ಕಡಿಮೆ. ಹುಲ್ಲು ಬಲಿತು ಒಣಗಿ ಕರಡವಾದ ಮೇಲೆ ಸ್ಟೈಲೋ ಕಡೆ ತಿರುಗುತ್ತದೆ. ಹಾಗಾಗಿ ಮೃಗಶಿರದಿಂದಲೇ ಹಿಂಡು ಬಿಡುತ್ತ ಹೋದರೆ ಪೆಟ್ಟು ಬೀಳುವುದು ಸ್ಟೈಲೋ ಜೊತೆ ಬಿತ್ತಿದ ಅಂಜನ್ ಹುಲ್ಲಿಗೆ. ಮೂರು-ನಾಲ್ಕು ವರ್ಷದಲ್ಲಿ ಹೊಲವೆಲ್ಲ ಸ್ಟೈಲೋ ಆಗಿ, ಬುಡಬುಡದ ನಡುವೆ ಕೆಂಪು ನೆಲ ಬಯಲಾಗಿ, ಹಸ್ತ-ಚಿತ್ತೆಯ ಜಡಿಮಳೆಗೆ ಕೊಚ್ಚಿ ಹೋಗುತ್ತದೆ. ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲೂ ಇದೇ ದೂರು. ಎದುರು ತಪ್ಪು ಕೂಡ ಅಷ್ಟೇ ಕೆಟ್ಟದ್ದು. ಜೂನ್‌ನಿಂದ ಪೂರ್ತಿ ಮುಚ್ಚಿಟ್ಟರೆ ಹುಲ್ಲು ಸೊಂಟದೆತ್ತರ ಬಂದು ಕೆಳಗಿನ ಸ್ಟೈಲೋ ಸಸಿಗಳು ನೆರಳಿಗೆ ಬೆಳ್ಳಗಾಗುತ್ತವೆ. ಬಿತ್ತಿ ಆರೇಳು ವಾರಕ್ಕೆ ಹುಲ್ಲು ಸಸಿಯನ್ನು ಮೀರಿದೆ ಎಂದು ಕಂಡರೆ ಹೊಟ್ಟೆ ತುಂಬಿದ ಹಿಂಡನ್ನಲ್ಲ, ಹಸಿದ ಹಿಂಡನ್ನು ಒಂದೋ ಎರಡೋ ದಿನ ಹಾಯಿಸಿ ಹೊರತೆಗೆಯಿರಿ. ಹಸಿದ ಕುರಿ ಹುಲ್ಲಿಗೆ ಮುಗಿಬೀಳುತ್ತದೆ. ಹೊಟ್ಟೆ ತುಂಬಿದ್ದು ಆರಿಸುತ್ತ ಅಲೆದು ಸಸಿ ತುಳಿಯುತ್ತದೆ. ಮೂರು ವರ್ಷಕ್ಕೊಮ್ಮೆ ಮೃಗಶಿರ-ಆರಿದ್ರಾ ಎರಡು ಮಳೆ ಮುಗಿಯುವ ತನಕ ತಾಕನ್ನು ಮುಚ್ಚಿದರೆ ಹುಲ್ಲು ಮತ್ತೆ ಬುಡ ಕಟ್ಟಿಕೊಳ್ಳುತ್ತದೆ.

ಅರ್ಧ ಅಂಕ ಕಡಿಮೆಯಾದದ್ದು ಬೇಸಿಗೆಗಾಗಿ. ನೆಲದ ಪಸೆ ಆರುತ್ತಿದ್ದಂತೆ ಹಮಾಟಾ ಎಲೆ ಉದುರಿಸುತ್ತದೆ, ಫೆಬ್ರವರಿಗೆ ಉಳಿಯುವುದು ಕಡ್ಡಿ. ಬೇಸಿಗೆಯಲ್ಲೂ ಹಸಿರು ಎಂದು ಅಂಗಡಿಯವರು ಹೇಳಿದರೆ ಅದು ನೀರಾವರಿಯ ಮಾತು. ಎರೆ ನೆಲದಲ್ಲೂ ಇದು ಸೊರಗುತ್ತದೆ.

ಸ್ಟೈಲೋ ಸ್ಕ್ಯಾಬ್ರಾ: 4

‘ಸೆಕಾ’ ಹೆಸರಿನಲ್ಲಿ ಪ್ರಸಿದ್ಧಿಯಾದದ್ದು ಇದೇ. ನಿಂತು ಬೆಳೆಯುವ ಪೊದೆ, ಒಂದು ಮೀಟರ್ ದಾಟುತ್ತದೆ. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಹಮಾಟಾ ಕಡ್ಡಿಯಾದ ಮೇಲೂ ತಿಂಗಳೊಪ್ಪತ್ತು ಎಲೆ ಹಿಡಿದಿರುತ್ತದೆ. ಎಲೆ ಒರಟು, ಸ್ವಲ್ಪ ಅಂಟು. ಹೊಸ ಹಿಂಡು ಮೊದಲು ಮೂಸಿ ಬಿಡುತ್ತದೆ. ಅದನ್ನು ಕಂಡು ‘ಕುರಿ ತಿನ್ನುವುದಿಲ್ಲ’ ಎಂದು ಕಿತ್ತುಹಾಕಿದವರಿದ್ದಾರೆ. ಕರಡದ ಕಾಲದಲ್ಲಿ ಬಿಟ್ಟು ನೋಡಬೇಕು, ಒಂದು ವಾರದೊಳಗೆ ರೂಢಿಯಾಗುತ್ತದೆ.

ಇದರ ಕಣ್ಣುಗಳಿರುವುದು ಮರಗಟ್ಟಿದ ದಂಟಿನ ಮೇಲೆ. ಬುಡದಿಂದ 20-25 ಸೆಂಟಿಮೀಟರ್, ಒಂದು ಗೇಣು ದಂಟು ಉಳಿಯಬೇಕು. ಅದಕ್ಕಿಂತ ಕೆಳಗೆ ಕಚ್ಚಿದರೆ ಚಿಗುರು ಬಂದರೂ ಒಂದೋ ಎರಡೋ ಕವಲು, ಗಿಡ ಕಡ್ಡಿಕಡ್ಡಿಯಾಗುತ್ತದೆ. ಎರಡು ವರ್ಷ ಮೇಯಿಸದೆ ಬಿಟ್ಟರೂ ಅದೇ ಗತಿ, ಸೌದೆಯಾಗುತ್ತದೆ, ಎಲೆಯೆಲ್ಲ ಕುರಿಗೆ ಎಟುಕದ ತುದಿಗೆ ಹೋಗುತ್ತದೆ. ಹಾಗಾದ ತಾಕನ್ನು ಪುನರ್ವಸು ಮಳೆಯ ಹೊತ್ತಿಗೆ ಮಚ್ಚಿನಲ್ಲಿ ಮೊಣಕಾಲಿನ ಕೆಳಗೆ ಸವರಿ, ಆರು ವಾರ ಹಿಂಡು ಬಿಡದಿದ್ದರೆ ಸರಿಯಾಗುತ್ತದೆ. ಬೇಸಿಗೆಯಲ್ಲಿ ಸವರಬೇಡಿ. ಹಮಾಟಾ ಜೊತೆ ಬೆರೆಸಿ ಬಿತ್ತುವುದು ಒಳ್ಳೆಯ ಜೋಡಿ, ಒಂದು ನೆಲ ಮುಚ್ಚುತ್ತದೆ, ಇನ್ನೊಂದು ಒಣಗಾಲಕ್ಕೆ ಎಲೆ ಕೊಡುತ್ತದೆ.

ಎರಡೂ ಸ್ಟೈಲೋಗಳಲ್ಲಿ ಎಲೆ ಮೇಲೆ ಕಂದು-ಕಪ್ಪು ಚುಕ್ಕೆ, ದಂಟಿನಲ್ಲಿ ಕಪ್ಪು ಗಾಯ ಕಂಡರೆ ಚಿಬ್ಬು ರೋಗ. ಔಷಧಿ ಹೊಡೆಯುವ ಖರ್ಚು ಮೇವಿಗೆ ಗಿಟ್ಟುವುದಿಲ್ಲ. ಹಬ್ಬಿದ ಜಾಗವನ್ನು ಬೇಗ ಮೇಯಿಸಿಬಿಡುವುದೇ ಮೇಲು, ಎಲೆ ದಟ್ಟವಾಗಿ ತೇವ ನಿಂತಷ್ಟೂ ರೋಗ ಹರಡುತ್ತದೆ.

ಬೇಲಿ ಮೆಂತೆ: ಬೇಲಿ ಇದ್ದರೆ 4, ಇಲ್ಲದಿದ್ದರೆ 2.5

ಡೆಸ್ಮಾಂಥಸ್. ಹುಣಸೆಯಂಥ ಸಣ್ಣ ಎಲೆ, ಬಿಳಿ ಹೂವು. ಹಿರಿಯೂರು, ಜಗಳೂರು, ದಾವಣಗೆರೆ ಕಡೆಯ ಎರೆ ನೆಲಕ್ಕೆ ಈ ಐದರಲ್ಲಿ ಹೊಂದುವುದು ಇದು ಮತ್ತು ಶಂಖಪುಷ್ಪ. ಸುಬಾಬುಲ್‌ನಲ್ಲಿರುವ ಮಿಮೊಸಿನ್ ಎಂಬ ವಿಷ ಇದರಲ್ಲಿಲ್ಲ. ಸುಬಾಬುಲ್ ಸೊಪ್ಪನ್ನು ಮೇವಿನ ಮೂರನೇ ಒಂದು ಪಾಲು ದಾಟಿಸಿದರೆ ಕುರಿಯ ಉಣ್ಣೆ ಉದುರುವ ಅಪಾಯವಿದೆ, ಕಂಬಳಿ ಉಣ್ಣೆಯ ಮೇಲೆ ಬದುಕುವ ಸೀಮೆಗೆ ಅದು ಸಣ್ಣ ಮಾತಲ್ಲ. ಬೇಲಿ ಮೆಂತೆಗೆ ಆ ಭಯವಿಲ್ಲ, ಹಸಿ ಕುದುರೆ ಮೆಂತೆಯ ಹಾಗೆ ಹೊಟ್ಟೆ ಉಬ್ಬರವೂ ಇಲ್ಲ.

ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಇರುವುದು 50 ಸೆಂಟಿಮೀಟರ್ ಸಾಲು, ಮೊದಲ ಕೊಯ್ಲು ಬಿತ್ತಿ 90 ದಿನಕ್ಕೆ, ಆಮೇಲೆ 40 ದಿನಕ್ಕೊಂದು, ಕೊಯ್ಲಿನ ಎತ್ತರವೂ 50 ಸೆಂಟಿಮೀಟರ್. ನೀರಾವರಿಗೆ ಇದು ಸರಿ. ಕುರಿಗೆ ಬಿಡುವಾಗ ಒಂದೂಕಾಲು ಗೇಣು, ಸುಮಾರು 30 ಸೆಂಟಿಮೀಟರ್ ದಂಟು ನಿಲ್ಲುವಂತೆ ಹಿಂಡನ್ನು ಹೊರತೆಗೆದರೆ ಸಾಕು. ಬುಡದಲ್ಲೂ ಕಣ್ಣುಗಳಿರುವುದರಿಂದ ಒಮ್ಮೆ ನೆಲಮಟ್ಟಕ್ಕೆ ಮೇದರೂ ಸಾಯುವ ಗಿಡವಲ್ಲ, ಆದರೆ ಆಮೇಲೆ ಪೂರ್ತಿ 50-60 ದಿನ ಬಿಡಬೇಕು. ಹಿಂಡಿನಲ್ಲಿ ಮೇಕೆ ಇದ್ದರೆ ಜಾಸ್ತಿ ಎಚ್ಚರ, ಸಿಪ್ಪೆ ಸುಲಿದ ದಂಟಿನಲ್ಲಿ ಕಣ್ಣು ಉಳಿಯುವುದಿಲ್ಲ.

ಎರಡು ತಕರಾರು. ಇದರ ಬೇರುಗಂಟಿಗೆ ತನ್ನದೇ ಬಗೆಯ ರೈಜೋಬಿಯಂ (ಸಾರಜನಕ ಕಟ್ಟುವ ಅಣುಜೀವಿ) ಬೇಕು, ಅಲಸಂದೆಗೆ ಕೊಡುವ ಪೊಟ್ಟಣ ಹಚ್ಚಿದರೆ ಆಗುವುದಿಲ್ಲ. ಗಿಡ ಹಳದಿಯಾಗಿ ಕುಂಟುತ್ತಿದ್ದರೆ ಕಿತ್ತು ಬೇರು ನೋಡಿ: ಗಂಟೇ ಇಲ್ಲ, ಅಥವಾ ಗಂಟು ಕತ್ತರಿಸಿದರೆ ಒಳಗೆ ಗುಲಾಬಿ ಬಣ್ಣವಿಲ್ಲ ಎಂದಾದರೆ ಹೊಂದುವ ಅಣುಜೀವಿ ನೆಲದಲ್ಲಿಲ್ಲ. ಬೇಲಿ ಮೆಂತೆ ಚೆನ್ನಾಗಿ ಬೆಳೆದ ಹೊಲದ ಬುಡದ ಮಣ್ಣು ತಂದು ಬೀಜಕ್ಕೆ ಬೆರೆಸುವುದು ಸುಲಭದ ದಾರಿ. ಎರಡನೆಯದು, ಕಾಯಿ ಬಲಿತು ಸಿಡಿಯಲು ಬಿಟ್ಟರೆ ಪಕ್ಕದ ಜೋಳದ ಹೊಲಕ್ಕೆ ಕಳೆಯಾಗಿ ಹೋಗುತ್ತದೆ.

ಶಂಖಪುಷ್ಪ: 2

ನಮ್ಮ ಬೇಲಿಗಳಲ್ಲಿ ತಾನಾಗಿ ಹಬ್ಬುವ ಅದೇ ನೀಲಿ ಹೂವಿನ ಬಳ್ಳಿ. ಮೇವಿನ ಗುಣದಲ್ಲಿ ಇದಕ್ಕೆ ಸಾಟಿಯಿಲ್ಲ: ತೆಳು ದಂಟು, ಮೆತ್ತನೆ ಎಲೆ, ಕಾಯಿಯೂ ರುಚಿ. ರುಚಿಯೇ ಶತ್ರು. ಹಿಂಡು ಬಿಟ್ಟ ಮೊದಲ ದಿನವೇ ಶಂಖಪುಷ್ಪ ಹುಡುಕಿ ಹುಡುಕಿ ತಿನ್ನುತ್ತದೆ. ಬೆಳೆಯುವ ತುದಿಗಳೆಲ್ಲ ಬಳ್ಳಿಯ ಮೇಲ್ಭಾಗದಲ್ಲಿ, ಬುಡದಲ್ಲಿ ಕಣ್ಣು ವಿರಳ. 15 ಸೆಂಟಿಮೀಟರ್‌ಗಿಂತ ಕೆಳಗೆ ಎರಡು ಸಲ ಮೇದ ಬಳ್ಳಿ ಮೂರನೇ ಸಲ ಬರುವುದು ಅನುಮಾನ. ದನಕ್ಕೆ ಕೊಯ್ದು ಹಾಕುವವರಿಗೆ, ಒಣಮೇವು ಮಾಡುವವರಿಗೆ ಇದೇ ಬೀಜಕ್ಕೆ 4 ಕೊಡಬಹುದು. ಮೇಯಿಸಲೇಬೇಕೆಂದರೆ ಮೂರು ದಿನ ಒಳಗೆ, ಆರರಿಂದ ಎಂಟು ವಾರ ಹೊರಗೆ, ಪ್ರತಿ ವರ್ಷ ಒಮ್ಮೆ ಕಾಯಿ ಒಣಗಿ ಸಿಡಿಯಲು ಬಿಡಬೇಕು. ಅಷ್ಟು ಕಟ್ಟುನಿಟ್ಟು ಬಯಲು ಮೇಯಿಸುವವರಿಂದ ಆಗದು.

ಸಿರಾಟ್ರೋ: ಚಳ್ಳಕೆರೆಯಲ್ಲಿ 1, ಚನ್ನಗಿರಿಯಲ್ಲಿ 3

1960ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಡುಗಡೆಯಾದ ಬಳ್ಳಿ ಮೇವಿನ ತಳಿ. ಬಿಸಿಲು ಸೀಮೆಯ ದ್ವಿದಳ ಹುಲ್ಲುಗಾವಲಿನ ದೊಡ್ಡ ಭರವಸೆ ಎನ್ನಿಸಿಕೊಂಡು, ಮೇಯಿಸುವುದರ ಮುಂದೆ ಸೋತದ್ದೂ ಇದೇ. ಬ್ರಿಸ್ಬೇನ್ ಹತ್ತಿರದ ಸ್ಯಾಮ್‌ಫರ್ಡ್‌ನಲ್ಲಿ ವರ್ಷಗಟ್ಟಲೆ ನಡೆದ ಪ್ರಯೋಗಗಳಲ್ಲಿ ಕಂಡದ್ದು ಇಷ್ಟು: ದನಗಳ ಸಂಖ್ಯೆ ಹಗುರವಾಗಿದ್ದ ತಾಕಿನಲ್ಲಿ ಸಿರಾಟ್ರೋ ಉಳಿಯಿತು, ಸಂಖ್ಯೆ ಏರಿಸಿದ ತಾಕಿನಲ್ಲಿ ಹಳೆಯ ಬುಡಗಳು ಸತ್ತವು, ಬೀಜ ಕಟ್ಟಲಿಲ್ಲ, ಹೊಸ ಸಸಿ ಬರಲಿಲ್ಲ. ಸತ್ತ ಬುಡದ ಲೆಕ್ಕಕ್ಕೆ ಹೊಸ ಸಸಿಯ ಲೆಕ್ಕ ಸರಿದೂಗದ ದಿನದಿಂದ ತಾಕು ಇಳಿಮುಖ. ಕುರಿಗಂತೂ ಇದು ಕೂಡದು. ಚಳ್ಳಕೆರೆಯ ಮಳೆ ಕೂಡ ಇದಕ್ಕೆ ಸಾಲದು. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ಸೀಮೆಯಲ್ಲಿ ತೋಟದ ಬದುವಿಗೆ ಹಬ್ಬಿಸಿ, ದನಕ್ಕೆ ಕೊಯ್ದು ಹಾಕುವವರು ತೆಗೆದುಕೊಳ್ಳಬಹುದು.

ಎಷ್ಟು ಕುರಿ, ಎಷ್ಟು ದಿನ

ಬೀಜ ಯಾವುದೇ ಇರಲಿ, ಒಂದು ತಾಕಿನಲ್ಲಿ ಹಿಂಡು ಏಳು ದಿನ ಮೀರಬಾರದು, ಐದು ದಿನವಾದರೆ ಉತ್ತಮ. ಮಳೆಗಾಲದಲ್ಲಿ ಮೇದ ಬುಡದಿಂದ ಹೊಸ ಚಿಗುರು ಕಾಣಿಸಿಕೊಳ್ಳುವುದು ಒಂದು ವಾರಕ್ಕೆ. ಆ ಚಿಗುರು ಹೊರಡಲು ಗಿಡ ಇದ್ದಬದ್ದ ದಾಸ್ತಾನು ಸುರಿದಿರುತ್ತದೆ, ಎಲೆ ಬಿಚ್ಚಿ ದುಡಿದು ಹಿಂದಿರುಗಿಸುವ ಮುಂಚೆ ಕುರಿ ಅದನ್ನು ಕಿತ್ತರೆ ಗಿಡಕ್ಕೆ ಎರಡನೇ ಪ್ರಯತ್ನಕ್ಕೆ ಏನೂ ಉಳಿಯುವುದಿಲ್ಲ. ಗಿಡ ಸಾಯುವುದು ಮೊದಲ ಕಚ್ಚಿಗಲ್ಲ, ಈ ಎರಡನೇ ಕಚ್ಚಿಗೆ.

ಲೆಕ್ಕ ಹೀಗೆ ಹಾಕಿಕೊಳ್ಳಿ. ಒಂದು ಮೀಟರ್ ಉದ್ದಗಲದ ಚೌಕಟ್ಟು ಕಟ್ಟಿ, ತಾಕಿನ ನಾಲ್ಕೈದು ಕಡೆ ಕಣ್ಣು ಮುಚ್ಚಿ ಎಸೆದು, ಒಳಗಿನದನ್ನು ಹಿಡಿ ಎತ್ತರ ಬಿಟ್ಟು ಕೊಯ್ದು ತೂಗಿ ಸರಾಸರಿ ತೆಗೆಯಿರಿ. ಸರಾಸರಿ 600 ಗ್ರಾಂ ಎಂದಿಟ್ಟುಕೊಳ್ಳಿ. ಎಕರೆಗೆ ಸುಮಾರು 4000 ಚದರ ಮೀಟರ್, ಅಂದರೆ 2400 ಕಿಲೋ ಹಸಿಮೇವು. ಒಣತೂಕ (ನೀರಂಶ ಬಿಟ್ಟ ತೂಕ) ಕಾಲು ಪಾಲು, 600 ಕಿಲೋ. ತುಳಿತ, ಹೊಲಸು, ಗಿಡಕ್ಕೆ ಬಿಡಬೇಕಾದ ಎಲೆ ಎಂದು ಅರ್ಧ ಕಳೆದರೆ 300 ಕಿಲೋ. ಮೂವತ್ತು ಕಿಲೋ ತೂಕದ ಕುರಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣತೂಕ ಬೇಕು. 30 ಕುರಿಗೆ ಆ ಎಕರೆ 10 ದಿನ. ಹಾಗಾದರೆ ಎಕರೆಯನ್ನು ಎರಡು ಮಾಡಿ, ಒಂದೊಂದರಲ್ಲಿ 5 ದಿನ. ಮೇದ ತಾಕಿಗೆ 35 ದಿನ ಬಿಡುವು ಕೊಡಬೇಕೆಂದರೆ 35ನ್ನು 5ರಿಂದ ಭಾಗಿಸಿ ಒಂದು ಕೂಡಿಸಿ: ಎಂಟು ತಾಕು, ನಾಲ್ಕು ಎಕರೆ. ನಾಲ್ಕು ಎಕರೆಗೆ 60 ಕುರಿ ಬಿಟ್ಟು ‘ಸರದಿ ಮೇಯಿಸುವುದು ಕೆಲಸ ಮಾಡಲಿಲ್ಲ’ ಎಂದರೆ ಗಿಡದ ತಪ್ಪಲ್ಲ.

ಈ 35 ದಿನ ಮಳೆ ಬರುತ್ತಿರುವಾಗಿನ ಲೆಕ್ಕ. ಆಶ್ಲೇಷ-ಮಘೆ ಕೈಕೊಟ್ಟು ನೆಲ ಒಣಗಿದರೆ ದಿನ ಎಣಿಸಬೇಡಿ, ಗಿಡ ನೋಡಿ. ಮೇದ ಕವಲಿನಲ್ಲಿ ನಾಲ್ಕೈದು ಪೂರ್ತಿ ಬಿಚ್ಚಿದ ಎಲೆ ಬರುವ ತನಕ ಹಿಂಡು ಹೊರಗೇ ಇರಲಿ, ಅದಕ್ಕೆ 60 ದಿನ ಹಿಡಿದರೂ ಸರಿ. ಅಂಥ ಹೊತ್ತಿಗೆ ಬಳ್ಳಾರಿ ಜಾಲಿ ಕಾಯಿ, ಶೇಂಗಾ ಹೊಟ್ಟು ಇಟ್ಟುಕೊಂಡಿರಬೇಕು. ಮೇಯಿಸುವ ಕ್ರಮ ಅರ್ಧ ಹೊಲದಲ್ಲಿದ್ದರೆ ಇನ್ನರ್ಧ ಬಣವೆಯಲ್ಲಿದೆ.

ತಾಕು ಬೇರ್ಪಡಿಸಲು ಕಲ್ಲುಕಂಬವೇ ಬೇಕೆಂದಿಲ್ಲ. ರಾತ್ರಿ ಕುರಿ ತರುಬುವ ನೈಲಾನ್ ಬಲೆ ಸಾಕು. ಅರ್ಧ ಎಕರೆ ಚೌಕಕ್ಕೆ ಸುತ್ತಳತೆ ಸುಮಾರು 180 ಮೀಟರ್, ಎರಡು ಬದಿಗೆ ಜಾಲಿಮುಳ್ಳಿನ ಬೇಲಿ ಇದ್ದರೆ 90 ಮೀಟರ್ ಬಲೆ. ಸೋಲಾರ್ ತಂತಿ ಬೇಲಿ ಹಾಕುವವರು ಒಂದು ವಿಷಯ ಕೇಳಿಸಿಕೊಳ್ಳಬೇಕು. ಉಣ್ಣೆ ವಿದ್ಯುತ್ತನ್ನು ತಡೆಯುತ್ತದೆ, ಬೇಸಿಗೆಯ ಒಣ ಕೆಂಪು ನೆಲವೂ ತಡೆಯುತ್ತದೆ, ಎರಡೂ ಸೇರಿದರೆ ಕುರಿಗೆ ಝುಮ್ಮೂ ಎನ್ನುವುದಿಲ್ಲ. ಒಂದು ತಂತಿ ಕರೆಂಟಿನದು, ಅದರ ಪಕ್ಕದ್ದು ಅರ್ತಿಂಗ್‌ನದು ಎಂದು ಬಿಟ್ಟುಬಿಟ್ಟು ಎಳೆಸಿ. ಕೆಳಗಿನ ತಂತಿ ನೆಲದಿಂದ 20 ಸೆಂಟಿಮೀಟರ್‌ಗಿಂತ ಮೇಲಿರಬಾರದು, ಮರಿ ನುಸುಳುತ್ತದೆ.

ರಾತ್ರಿ ಹಿಂಡನ್ನು ದ್ವಿದಳದ ತಾಕಿನ ಮೇಲೆಯೇ ತರುಬುವುದು ಬೇಡ. ರಾಗಿ ಹೊಲಕ್ಕೆ ಅದು ವರ, ಇಲ್ಲಿ ಬುಡವೆಲ್ಲ ತುಳಿದು ಸೀಳುತ್ತದೆ, ಗಂಜಲದ ಸಾರಜನಕಕ್ಕೆ ಗರಿಕೆ ಉಕ್ಕಿ ಬಂದು ದ್ವಿದಳವನ್ನು ಒತ್ತುತ್ತದೆ. ರೊಪ್ಪ ಆಚೆ ಇರಲಿ.

ಕೊಳ್ಳುವಾಗ, ಬಿತ್ತುವಾಗ

ಹಮಾಟಾ ಬೀಜ ಎರಡು ರೂಪದಲ್ಲಿ ಬರುತ್ತದೆ: ಕೊಕ್ಕೆ ಇರುವ ಕಾಯಿ ಸಮೇತ, ಅಥವಾ ಸುಲಿದ ಬೀಜ. ಕಿಲೋ ಬೆಲೆ ಹೋಲಿಸಬೇಡಿ, ಎರಡೂ ಒಂದೇ ವಸ್ತುವಲ್ಲ. ಲೇಬಲ್‌ನಲ್ಲಿ ಶುದ್ಧತೆಯನ್ನೂ ಮೊಳಕೆ ಪ್ರಮಾಣವನ್ನೂ ಗುಣಿಸಿ: 90 ಶುದ್ಧತೆ, 40 ಮೊಳಕೆ ಎಂದರೆ ಕಿಲೋದಲ್ಲಿ ಹುಟ್ಟುವುದು 360 ಗ್ರಾಂ. ಇನ್ನೊಂದರಲ್ಲಿ 95 ಮತ್ತು 80 ಇದ್ದರೆ 760 ಗ್ರಾಂ, ಅದಕ್ಕೆ ದುಪ್ಪಟ್ಟು ಬೆಲೆ ಕೊಟ್ಟರೂ ನಷ್ಟವಿಲ್ಲ. ಪರೀಕ್ಷೆಯ ದಿನಾಂಕ, ಲಾಟ್ ನಂಬರ್ ಇಲ್ಲದ ಪಾಲಿಥಿನ್ ಚೀಲದ ಸರಕು ಬೇಡ. ಧಾರವಾಡದಲ್ಲಿ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ನಂಬಿಕೆಯ ಬೀಜಕ್ಕೆ ಮೊದಲು ಅಲ್ಲಿ ವಿಚಾರಿಸಿ. ಹಿರಿಯೂರಿನ ಬಬ್ಬೂರು ಫಾರ್ಮ್, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ‘ಬಹುವಾರ್ಷಿಕ ಮಿಶ್ರ ಮೇವು’ ಎಂದು ಐದಾರು ಬಗೆ ಬೆರೆಸಿದ ಪ್ಯಾಕೆಟ್‌ಗೆ ಸೊನ್ನೆ ಅಂಕ. ಶಂಖಪುಷ್ಪಕ್ಕೆ ಎಂಟು ವಾರ, ಹಮಾಟಾಗೆ ಐದು ವಾರ ಬೇಕಾದ ಹೊಲವನ್ನು ಯಾವ ಲೆಕ್ಕದಲ್ಲಿ ಮೇಯಿಸುವುದು?

ಗಟ್ಟಿ ಸಿಪ್ಪೆಗೆ 80 ಡಿಗ್ರಿ ಬಿಸಿನೀರಿನಲ್ಲಿ 4-5 ನಿಮಿಷ, ಆಮೇಲೆ ರಾತ್ರಿಯಿಡೀ ತಣ್ಣೀರು. ಥರ್ಮಾಮೀಟರ್ ಇಲ್ಲದಿದ್ದರೆ ಕಳಕಳ ಕುದಿಯುವ ನೀರು ಐದು ಲೋಟ, ತಣ್ಣೀರು ಎರಡು ಲೋಟ ಬೆರೆಸಿದರೆ ಹತ್ತಿರ ಹತ್ತಿರ 80 ಆಗುತ್ತದೆ. ಪಾತ್ರೆಯನ್ನು ಮೊದಲೇ ಬಿಸಿ ಮಾಡಿಟ್ಟುಕೊಳ್ಳಿ. ಕುದಿಯುವ ನೀರಿಗೇ ಬೀಜ ಸುರಿದರೆ ಬೆಂದುಹೋಗುತ್ತದೆ. ಬೀಜದಲ್ಲಿ ಕಾಲು ಪಾಲನ್ನು ಉಪಚರಿಸದೆ ಹಾಗೇ ಬೆರೆಸಿ, ಮೊದಲ ಮಳೆ ಮೋಸ ಮಾಡಿದರೆ ಅದು ಮುಂದಿನ ಹದಕ್ಕೆ ಹುಟ್ಟುತ್ತದೆ. ಸ್ಟೈಲೋ ಒಂದೇ ಆದರೆ ಎಕರೆಗೆ 4 ಕಿಲೋ, ಅಂಜನ್ ಹುಲ್ಲಿನ ಜೊತೆ 2 ಕಿಲೋ, ಬೇಲಿ ಮೆಂತೆ 8 ಕಿಲೋ. ಒಂದು ಪಾಲು ಬೀಜಕ್ಕೆ ಐದು ಪಾಲು ಒಣ ಮರಳು ಸೇರಿಸಿ ಚೆಲ್ಲಿ, ಮೇಲೆ ಜಾಲಿ ಕೊಂಬೆ ಎಳೆದರೆ ಆಯಿತು. ಕುಂಟೆ ಹೊಡೆದು ಮುಚ್ಚಿದರೆ ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗಿ ಮೇಲೆ ಬರುವುದೇ ಇಲ್ಲ.

ಗೊಬ್ಬರದಲ್ಲಿ ರಂಜಕವೊಂದೇ ಮುಖ್ಯ. ಎಕರೆಗೆ ಮೂರು ಚೀಲ ಸೂಪರ್ ಫಾಸ್ಫೇಟ್ ಎಂಬುದು ಕೊಯ್ಲು ಬೆಳೆಯ ಶಿಫಾರಸು, ಮಳೆಯಾಶ್ರಿತ ಮೇಯುವ ತಾಕಿಗೆ ಬಿತ್ತುವಾಗ ಒಂದು ಚೀಲ ಹಾಕಿದರೂ ಮರುಚಿಗುರಿನಲ್ಲಿ ವ್ಯತ್ಯಾಸ ಕಾಣುತ್ತದೆ. ಯೂರಿಯಾ ಎರಚಬೇಡಿ, ಅದನ್ನು ತಿಂದು ಮೇಲೇಳುವುದು ಹುಲ್ಲು.

ಎರಡನೇ ವರ್ಷ ಮೃಗಶಿರ ಬಿದ್ದು ಮೂರು ವಾರಕ್ಕೆ ಅದೇ ಒಂದು ಮೀಟರ್ ಚೌಕಟ್ಟು ಹಿಡಿದು ಹೊಲ ಸುತ್ತಿ. ಹಳೆ ಬುಡದ ಚಿಗುರನ್ನೂ ಹೊಸ ಸಸಿಯನ್ನೂ ಬೇರೆ ಬೇರೆ ಎಣಿಸಿ. ಎರಡೂ ಸೇರಿ ಚೌಕಕ್ಕೆ ಹತ್ತು ದಾಟಿದರೆ ಆ ತಾಕಿಗೆ ಹೊಸ ಬೀಜ ಬೇಡ. ಹಳೆ ಬುಡ ಇದ್ದು ಹೊಸ ಸಸಿ ಇಲ್ಲದಿದ್ದರೆ ಹಿಂದಿನ ವರ್ಷ ಕಾಯಿ ಕಟ್ಟಲು ಬಿಟ್ಟಿಲ್ಲ, ಈ ವರ್ಷ ಹುಬ್ಬೆಗೆ ಮೊದಲು ಮುಚ್ಚಬೇಕಾದ ತಾಕು ಅದು. ಸಸಿ ಇದ್ದು ಬುಡ ಸತ್ತಿದ್ದರೆ ಒತ್ತಿ ಮೇಯಿಸಿದ್ದೀರಿ, ಈ ಸಲ ಮೇಯಿಸುವ ಐದು ದಿನವನ್ನು ನಾಲ್ಕಕ್ಕೆ ಇಳಿಸಿ. ಎರಡೂ ಇಲ್ಲದ ಕಡೆ ಮಾತ್ರ ಮತ್ತೆ ಎರಡು ಕಿಲೋ ಹಮಾಟಾ ಚೆಲ್ಲಿ.